ಮೂರನೇ ಸಾಲಿನ ಹುಡುಗಿ

ಸಿಂಧನೂರಿನಲ್ಲಿ ಹತ್ತೊಂಬತ್ತು ಮಂದಿ ಪತ್ರಕರ್ತರಿದ್ದಾರೆ, ಸುದ್ದಿ ಬರೆಯುವವನು ಮಾತ್ರ ಒಬ್ಬ. ನಗಿಸಲು ಹೇಳಿದ ಮಾತಲ್ಲ ಇದು. ನಂಬಿಕೆ ಬಾರದಿದ್ದರೆ ಯಾವುದಾದರೂ ಒಂದು ಮುಂಜಾನೆ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯ ಮುಂದೆ ಏಳೂ ಪತ್ರಿಕೆ ಹರವಿಕೊಂಡು ನೋಡಿ. ತಾಲೂಕಿನ ಪುಟದಲ್ಲಿ ಅದೇ ಸುದ್ದಿ, ಅದೇ ವಾಕ್ಯ, ಕೊನೆಗೆ ಅದೇ ‘ಎನ್ನಲಾಗಿದೆ’. ಒಬ್ಬ ಟೈಪ್ ಮಾಡಿ ವಾಟ್ಸ್‌ಆ್ಯಪ್ ಬಳಗಕ್ಕೆ ಬಿಡುತ್ತಾನೆ, ಉಳಿದ ಹದಿನೆಂಟು ಮಂದಿ ತಂತಮ್ಮ ಆಫೀಸಿಗೆ ದಾಟಿಸುತ್ತಾರೆ. ಇದಕ್ಕೆ ಅವರಲ್ಲಿ ‘ಕಾಮನ್ ಕಾಪಿ’ ಎಂದು ಹೆಸರು. ಒಬ್ಬನಿಗೆ ಬೀಜದ ಅಂಗಡಿ ಇರುತ್ತದೆ, ಇನ್ನೊಬ್ಬನಿಗೆ ತಂಗಿಯ ಸೀಮಂತದ ಕುಬಸ ಇರುತ್ತದೆ, ಎಲ್ಲರೂ ಎಲ್ಲ ಕಡೆಗೆ ಓಡಲಾಗುವುದಿಲ್ಲ. ಹಾಗೆ ಬಂದ ಪದ್ಧತಿ. ಅದರಲ್ಲಿ ಕೆಟ್ಟದ್ದೇನಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಕಾಪಿಯನ್ನು ಬಹುತೇಕ ದಿನ ಬರೆಯುತ್ತಿದ್ದವನು ಯಂಕೋಬ. ‘ದೋಆಬ ಕಿರಣ’ ಎಂಬ ದಿನಪತ್ರಿಕೆಯ ತಾಲೂಕು ವರದಿಗಾರ, ಇಪ್ಪತ್ತೆರಡು ವರ್ಷದ ಸರ್ವಿಸು. ಕೈ ಚುರುಕು, ನೆನಪು ಚುರುಕು. ಹೊಸದಾಗಿ ಬಂದ ಹುಡುಗರಿಗೆ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ: “ಹೆಸರು, ವಯಸ್ಸು, ತಂದಿ ಹೆಸರು, ಊರು. ಈ ನಾಕು ಇಲ್ಲಂದ್ರ ಅದು ಸುದ್ದಿ ಅಲ್ಲಲೇ, ಕಟ್ಟಿ ಮ್ಯಾಲಿನ ಚಾಡಿ.” ಹುಡುಗರು ತಲೆಯಾಡಿಸುತ್ತಿದ್ದರು.

ಜನವರಿಯ ಕೊನೆಯ ಸೋಮವಾರ ಮಧ್ಯಾಹ್ನ ಊರಿನ ಒಂದು ಖಾಸಗಿ ಹಾಸ್ಟೆಲ್ಲಿನಲ್ಲಿ ಗಂಗಾದೇವಿ ಎಂಬ ಹುಡುಗಿ ತೀರಿಕೊಂಡಳು. ಮುದಗಲ್ ಕಡೆಯವಳು, ಪಿಯುಸಿ ಎರಡನೇ ವರ್ಷ. ತಾನಾಗಿಯೇ ಪ್ರಾಣ ಕಳೆದುಕೊಂಡಿದ್ದಳು. ಹೇಗೆ ಎಂಬುದನ್ನು ಈ ಕಥೆ ಹೇಳುವುದಿಲ್ಲ. ಅದನ್ನು ಹೇಳುವ ಪುಣ್ಯವನ್ನು ಪತ್ರಿಕೆಗಳು ಆಗಲೇ ಕಟ್ಟಿಕೊಂಡಿವೆ. ಹಾಸ್ಟೆಲ್ಲಿಗೆ ಮೊದಲು ಓಡಿಬಂದವರಲ್ಲಿ ಯಾರೋ ಒಬ್ಬರು ಅವಳ ನೋಟ್‌ಬುಕ್ಕಿನಲ್ಲಿದ್ದ ಚೀಟಿಯ ಫೋಟೋ ಹೊಡೆದುಕೊಂಡಿದ್ದರು. ಅರ್ಧ ಗಂಟೆಯಲ್ಲಿ ಆ ಫೋಟೋ ಯಂಕೋಬನ ಫೋನಿಗೆ ಬಂತು. ಇಪ್ಪತ್ತೆರಡು ವರ್ಷ ಊರಲ್ಲಿ ಸುದ್ದಿ ಮಾಡಿದವನಿಗೆ ಅಷ್ಟೂ ಬರದಿದ್ದರೆ ಹೇಗೆ!

ಚೀಟಿ ಉದ್ದವಾಗಿರಲಿಲ್ಲ. ಅಪ್ಪ ಅವ್ವನ ಬಳಿ ಕ್ಷಮೆ ಕೇಳಿದ ಮೇಲೆ ಹುಡುಗಿ ಹೀಗೆ ಬರೆದಿದ್ದಳು: ‘ಯಾರಿಗಾದರೂ ಹೇಳುವುದಿದ್ದರೆ ಸುರೇಖಾ ಒಬ್ಬಳಿಗೇ ಹೇಳುತ್ತಿದ್ದೆ. ಅವಳಿಗೂ ಹೇಳಲು ಆಗಲಿಲ್ಲ. ಅವಳದೇನೂ ತಪ್ಪಿಲ್ಲ. ಅವಳನ್ನು ಯಾರೂ ಏನೂ ಕೇಳಬೇಡಿ.’

ಯಂಕೋಬ ಓದಿದ. ಓದಿ, ಹಾಸ್ಟೆಲ್ಲಿನ ಕಟ್ಟೆಯ ಮೇಲೆ ಕುಳಿತು, ಸುರೇಖಾ ಯಾರು ಎಂದು ಒಂದಿಬ್ಬರನ್ನು ಕೇಳಿ, ಹತ್ತು ನಿಮಿಷದಲ್ಲಿ ಕಾಪಿ ಬರೆದ. ಅದರ ಮೂರನೇ ಸಾಲು ಹೀಗಿತ್ತು: ‘ತನ್ನ ಮನಸ್ಸಿನ ಗುಟ್ಟನ್ನು ಗೆಳತಿ, ಮಸ್ಕಿಯ ಸುರೇಖಾ (೧೭), ತಂದೆ ದ್ಯಾವಪ್ಪ, ಎಂಬುವಳ ಬಳಿ ಮಾತ್ರ ಹೇಳಿಕೊಂಡಿದ್ದಳು ಎನ್ನಲಾಗಿದೆ.’

ಯಾರು ಅಂದರು? ಯಾರೂ ಅಂದಿರಲಿಲ್ಲ. ಚೀಟಿಯಲ್ಲಿ ಇದ್ದದ್ದು ಅದರ ತದ್ವಿರುದ್ಧ. ಆದರೆ ಹೇಳಲಾಗದೆ ಹೋದದ್ದು ಸುದ್ದಿಯಲ್ಲ, ಹೇಳಿದ ಗುಟ್ಟು ಸುದ್ದಿ. ಬೆರಳು ತಾನಾಗಿಯೇ ಆ ಕಡೆಗೆ ಹೊರಳಿತು. ‘ಎನ್ನಲಾಗಿದೆ’ ಹಾಕಿದರೆ ಯಾರೂ ಹಿಡಿದು ಕೇಳುವುದಿಲ್ಲ ಎಂಬ ಧೈರ್ಯ. ಮೇಲೆ, ಬೇಡದ್ದಿದ್ದರೆ ಆಫೀಸಿನಲ್ಲಿ ಕಾಪಿ ತಿದ್ದುವ ಡೆಸ್ಕಿನವರು ತೆಗೆಯುತ್ತಾರೆ ಎಂಬ ಇನ್ನೊಂದು ಧೈರ್ಯ. ಬಳಗಕ್ಕೆ ಬಿಟ್ಟು, ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಚಹಾ ಕುಡಿಯಲು ಹೋದ.

ಸಂಜೆ ಅವನ ಆಫೀಸಿನಿಂದ ಫೋನು ಬಂತು. ಉಪಸಂಪಾದಕಿ ಪದ್ಮಾವತಿ. ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಹಟದಲ್ಲಿ ದೊಡ್ಡವಳು.

“ಯಂಕೋಬಣ್ಣ, ಈ ಸುರೇಖಾ ಅನ್ನೋ ಹುಡುಗಿ ಹೆಸರು ಯಾಕ ಬೇಕ್ರಿ?”

“ಮೇಡಂ, ಚೀಟಿಯಾಗ ಐತಲ್ರಿ.”

“ಚೀಟಿಯಾಗ ಇದ್ದದ್ದೆಲ್ಲ ನಮ್ಮದೇನ್ರಿ? ಬದುಕಿರೋ ಹುಡುಗಿ ಅದು. ತೆಗದೀನಿ. ಹೆಂಗ ಸತ್ಲು ಅನ್ನೋದನ್ನೂ ತೆಗದೀನಿ.”

ಮರುದಿನ ‘ದೋಆಬ ಕಿರಣ’ದ ಐದನೇ ಪುಟದ ಮೂಲೆಯಲ್ಲಿ ನಾಲ್ಕೇ ಸಾಲು ಬಂತು, ಕೆಳಗೆ ೧೪೪೧೬ ಎಂದು ಸಹಾಯವಾಣಿಯ ನಂಬರು. ಉಳಿದ ಆರು ಪತ್ರಿಕೆಗಳಲ್ಲಿ ಮೊದಲ ಪುಟ, ದಪ್ಪ ಅಕ್ಷರ, ಮೂರನೇ ಸಾಲಿನಲ್ಲಿ ಸುರೇಖಾ. “ನಾನು ಕಷ್ಟಪಟ್ಟು ತಂದೆ, ಉಂಡವರು ಅವರು” ಎಂದು ಯಂಕೋಬ ಪೇಪರ್ ಅಂಗಡಿಯ ಶಕೀಲನ ಮುಂದೆ ಗೊಣಗಿದ. ಪದ್ಮಾವತಿಯ ಮೇಲೆ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಪೇಪರಿನದು ಒಂದು ದಿನದ ಆಯುಷ್ಯ. ಫೋನಿನದು ಹಾಗಲ್ಲ. ‘ಎಡದಂಡೆ ನ್ಯೂಸ್’ ಎಂಬ ಯೂಟ್ಯೂಬ್ ಚಾನೆಲ್ಲಿನ ಹುಲಿಗೇಶ ಬುಧವಾರವೇ ಮಸ್ಕಿಗೆ ಹೋಗಿ ಸುರೇಖಾಳ ಮನೆಯ ಮುಂದೆ ಮೈಕು ಹಿಡಿದು ನಿಂತ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ಗುಂಪು ಫೋಟೋದಿಂದ ಅವಳ ಮುಖ ಕತ್ತರಿಸಿ, ಸುತ್ತ ಕೆಂಪು ಗೆರೆ ಎಳೆದು, ‘ಏನದು ಗುಟ್ಟು?’ ಎಂದು ಬರೆದು ಬಿಟ್ಟ. ಅದರ ಕೆಳಗೆ ಜನ ಬರೆದದ್ದನ್ನು ಇಲ್ಲಿ ಬರೆದರೆ ನನ್ನ ಕೈಯೂ ಹೊಲಸು. ಒಬ್ಬ ಅವಳೇ ಕೊಂದಳು ಎಂದ. ಇನ್ನೊಬ್ಬ ಇಬ್ಬರಿಗೂ ಒಬ್ಬನೇ ಹುಡುಗ ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕಾಲೇಜಿನವರು ‘ನಾಲ್ಕು ದಿನ ಮನೆಯಲ್ಲೇ ಇರಮ್ಮ’ ಎಂದರು.

ಯಂಕೋಬ ಅದನ್ನೂ ನೋಡಿದ. ನನ್ನ ಪೇಪರಿನಲ್ಲಿ ಬಂದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಎಪಿಎಂಸಿಯ ಭತ್ತದ ದರ ಬರೆಯಲು ಕುಳಿತ.

ಶುಕ್ರವಾರ ಗೊತ್ತಿಲ್ಲದ ನಂಬರಿನಿಂದ ಫೋನು.

“ಅಣ್ಣಾರ, ನಾನು ಮಸ್ಕಿಯಿಂದ ಕರೆಮ್ಮರಿ. ಸುರೇಖಾನ ಅವ್ವ.”

ಯಂಕೋಬ ಬೈಗುಳಕ್ಕೆ ತಯಾರಾದ.

“ನಿಮ್ಮ ಪೇಪರ್ನಾಗ ಒಂದರಾಗ ನನ್ನ ಮಗಳ ಹೆಸರು ಹಾಕಿಲ್ರಿ. ಎಲ್ಲಾ ಪೇಪರ್ ತರಿಸಿ ಓದಿಸೀನಿ ನಾನು. ನೀವು ಒಬ್ಬರ ದೇವರಂಥವ್ರು. ಪೇಪರ್ ಏಜಂಟ್ರ ಹತ್ರ ನಿಮ್ಮ ನಂಬರ್ ಇಸಗೊಂಡೆ. ಅಣ್ಣಾ, ನನ್ನ ಮಗಳು ಉಣವಲ್ಲಳು, ಮಾತಾಡವಲ್ಲಳು. ಆಕಿನ್ನ ಒಬ್ಬಾಕಿನ್ನ ಬಿಟ್ಟು ನೀರಿಗೆ ಹೋಗಾಕೂ ಜೀವ ಒಲ್ಲದು. ಒಂದ್ಸಲ ಬಂದು ಬುದ್ಧಿ ಹೇಳ್ರಿ, ನಿಮ್ಮ ಮಾತು ಕೇಳ್ತಾಳ.”

ಅವನು ಬರುವುದಿಲ್ಲ ಎನ್ನಬಹುದಿತ್ತು. ‘ಬರ್ತೀನಿ ತಂಗಿ’ ಎಂದುಬಿಟ್ಟ.

ಶನಿವಾರ ಮಸ್ಕಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ. ಚೀಟಿಯ ಫೋಟೋ ಫೋನಿನಲ್ಲಿದೆ. ‘ಅವಳದೇನೂ ತಪ್ಪಿಲ್ಲ’ ಎಂಬ ಮಾತು ಅದರಲ್ಲಿದೆ. ತೋರಿಸಿದರೆ ಹುಡುಗಿಯ ಎದೆಯ ಭಾರ ಇಳಿದೀತು. ತೋರಿಸಿದರೆ, ಇದು ನಿಮ್ಮ ಕೈಗೆ ಯಾವಾಗ ಬಂತು, ಮತ್ತೆ ಹಾಗೇಕೆ ಬರೆದಿರಿ ಎಂದು ಕೇಳಿಯಾಳು. ಬಸ್ಸು ಗುಡ್ಡದ ಹತ್ತಿರ ಬರುವ ಹೊತ್ತಿಗೆ, ಮೊದಲು ಹುಡುಗಿಯನ್ನು ನೋಡೋಣ, ಆಮೇಲೆ ವಿಚಾರ ಮಾಡೋಣ ಎಂದುಕೊಂಡ. ಹೇಡಿಗಳು ಯಾವಾಗಲೂ ಹೀಗೆಯೇ ಅಂದುಕೊಳ್ಳುತ್ತಾರೆ.

ಗುಡ್ಡದ ಬುಡದ ಓಣಿಯಲ್ಲಿ ಕರೆಮ್ಮನ ಮನೆ. ಅವಳು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ದ್ಯಾವಪ್ಪ ಕುರಿ ಹಿಂಡಿನ ಜೊತೆ ಮುದಗಲ್ ಹೊಲಗಳ ಕಡೆಗೆ ಹೋಗಿದ್ದ. ಜೊತೆಯ ಕುರಿಯವನೊಬ್ಬ ಫೋನಿನಲ್ಲಿ ಕೆಂಪು ಗೆರೆಯ ಮುಖ ತೋರಿಸಿ ‘ನಿನ್ನ ಮಗಳಲ್ಲೇನೋ’ ಎಂದನಂತೆ. ಓಡಿಬಂದು ಒಂದು ದಿನ ಮೂಲೆಯಲ್ಲಿ ಕುಳಿತು, ಕುರಿಗಳನ್ನು ಬಿಟ್ಟಿರಲಾಗದೆ ಹೊರಟುಹೋದನಂತೆ. ಇದನ್ನೆಲ್ಲ ಹೇಳುತ್ತ ಕರೆಮ್ಮ ಅವನಿಗೆ ಕೈಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಮಂಡಕ್ಕಿಯ ಸುಸಲಾ, ಚಹಾ ತಂದಿಟ್ಟಳು. ದೇವರ ಜಗಲಿಯ ಮೇಲೆ ಕುಂಕುಮದ ಭರಣಿಯ ಪಕ್ಕದಲ್ಲಿ ‘ದೋಆಬ ಕಿರಣ’ದ ಆ ದಿನದ ಸಂಚಿಕೆ ಮಡಿಸಿ ಇಟ್ಟಿದ್ದು ಯಂಕೋಬನಿಗೆ ಕಂಡಿತು. ಸುಸಲಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ತಿನ್ರಿ ಅಣ್ಣ, ಯಾಕ ಬಿಟ್ರಿ? ಖಾರ ಆತೇನು?”

“ಇಲ್ಲವ್ವ, ಬರೋ ಮುಂದ ತಿಂದು ಬಂದೀನಿ.”

ಒಳಗಿನಿಂದ ಸುರೇಖಾ ಬಂದಳು. ತಲೆ ಬಾಚಿರಲಿಲ್ಲ. ಕಣ್ಣು ಒಣಗಿದ್ದವು, ಅತ್ತ ಗುರುತೂ ಇರಲಿಲ್ಲ. ಕೈಯಲ್ಲಿ ಆರು ಪೇಪರಿನ ತುಂಡು. ಅವನ ಮುಂದೆ ಚಾಪೆಯ ಮೇಲೆ ಒಂದೊಂದಾಗಿ ಸಾಲಾಗಿ ಇಟ್ಟಳು. ಮೂರನೇ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದಳು.

“ಸರ್, ಆರೂ ಪೇಪರ್ನಾಗ ಇದ ಒಂದ ಸಾಲು ಐತ್ರಿ. ಒಂದಕ್ಷರ ಬ್ಯಾರೆ ಇಲ್ಲ. ಆರು ಮಂದಿ ಬ್ಯಾರೆ ಬ್ಯಾರೆ ಕುಂತು ಹಿಂಗ ಬರಿಯಾಕ ಆಗ್ತೈತೇನ್ರಿ? ಯಾರೋ ಒಬ್ಬಾವ ಬರದಾನ, ಉಳದವ್ರು ನಕಲು ಹೊಡದಾರ. ಪರೀಕ್ಷಿ ಹಾಲಿನ್ಯಾಗ ನಮಗೂ ಗೊತ್ತಾಗ್ತೈತಿ ಸರ್ ಇಂಥಾದು. ಆ ಒಬ್ಬಾವ ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಂಕೋಬನ ಕೈ ಅಂಗಿಯ ಕಿಸೆಯ ಮೇಲೆ ಹೋಯಿತು, ಫೋನು ಅಲ್ಲೇ ಇತ್ತು.

“ಅದು... ಹೇಳಾಕ ಬರಂಗಿಲ್ಲವ್ವ. ಬಾಳ ಮಂದಿ ಇರ್ತಾರ.”

“ಹುಡುಕಿದ್ರ ಸಿಗ್ತಾನಲ್ರಿ? ನೀವು ಅವ್ರ ಜೋಡಿನ ಇರ್ತೀರಿ. ನೀವು ಹೆಸರು ಹಾಕಲಾರದವ್ರು, ನಿಮಗ ಖರೆ ಹೇಳ್ತಾರ.”

ಕರೆಮ್ಮ ಬಾಗಿಲ ಚೌಕಟ್ಟು ಹಿಡಿದು ನೋಡುತ್ತಿದ್ದಳು. ಐದು ದಿನದಲ್ಲಿ ಮಗಳು ಇಷ್ಟು ಮಾತಾಡಿದ್ದು ಇದೇ ಮೊದಲು. ಈಗ ಹೇಳಬೇಕಿತ್ತು. ಹೇಳಲು ಬಾಯಿ ತೆರೆದ ಕೂಡ. ಆದರೆ ಆ ತಾಯಿಯ ಮುಖ ನೋಡಿ ಬಾಯಿಗೆ ಬಂದದ್ದು ಬೇರೆ.

“ಹುಡುಕ್ತೀನವ್ವ.”

“ಖರೇನ್ರಿ?”

“ಖರೇನ.”

“ಸಿಕ್ರ ಕರಕೊಂಡು ಬರ್ರಿ ಸರ್. ನಾ ಬೈಯಂಗಿಲ್ಲ, ಅಳಂಗಿಲ್ಲ. ಒಂದ ಮಾತು ಕೇಳೋದೈತಿ.”

ಅವನು ಸಿಂಧನೂರು ಮುಟ್ಟುವುದರೊಳಗೆ ಕರೆಮ್ಮನ ಫೋನು ಬಂತು. “ಅಣ್ಣಾ, ಅರ್ಧಾ ರೊಟ್ಟಿ ತಿಂದಾಳ್ರಿ! ತಲಿ ಬಾಚ್ಕೊಂಡಾಳ! ನಿಮ್ಮ ಋಣ ಹೆಂಗ ತೀರಿಸಲಿ ನಾನು?” ಈಗ ಹೇಳಿ, ಇಂಥವನನ್ನು ಏನು ಮಾಡಬೇಕು? ಹುಡುಗಿಯನ್ನು ಬಾವಿಗೆ ತಳ್ಳಿದವನೇ ಹಗ್ಗ ಹಿಡಿದು ಮೇಲೆ ನಿಂತಿದ್ದಾನೆ, ತಾಯಿ ಅವನ ಕಾಲಿಗೆ ಬೀಳುತ್ತಿದ್ದಾಳೆ. ಅವನಿಗೂ ಅದು ಗೊತ್ತಿತ್ತು. ಆ ರಾತ್ರಿ ಊಟ ಸೇರಲಿಲ್ಲ, ಹೆಂಡತಿ ಪಕೀರಮ್ಮ ಕೇಳಿದರೆ ಪಿತ್ತ ಎಂದ.

ಅಲ್ಲಿಂದ ದಿನಾ ಮಧ್ಯಾಹ್ನ ಸುರೇಖಾಳ ಫೋನು. “ಸಿಕ್ಕನೇನ್ರಿ ಸರ್?” ಅವನು ಹುಡುಕಾಕತ್ತೀನಿ ಎನ್ನುತ್ತಿದ್ದ. “ಆತ್ರಿ, ನಾಳೆ ಮಾಡ್ತೀನಿ” ಎಂದು ಇಡುತ್ತಿದ್ದಳು. ಯಾರಾದರೂ ಬೈದರೆ ಮನುಷ್ಯ ತಡೆದುಕೊಳ್ಳುತ್ತಾನೆ. ದಿನಾ ಒಂದೇ ಹೊತ್ತಿಗೆ ನಂಬಿಕೆಯಿಂದ ಕೇಳುವ ಆ ದನಿಯನ್ನು ತಡೆದುಕೊಳ್ಳುವುದು ಅವನಿಗೆ ಆಗಲಿಲ್ಲ. ಊಟದ ಹೊತ್ತು ಬಂತೆಂದರೆ ಫೋನನ್ನು ತಿರುವಿ ಹಾಕಿಡುತ್ತಿದ್ದ, ಮತ್ತೆ ತಾನೇ ತಿರುವಿ ನೋಡುತ್ತಿದ್ದ. ಫೋನು ಬಾರದಿದ್ದರೆ ಅದಕ್ಕಿಂತ ಹೆದರಿಕೆ.

ಬುಧವಾರ ಬೆಳಗ್ಗೆ ಚಹಾದ ಅಂಗಡಿಯಲ್ಲಿ ಹುಲಿಗೇಶ ಸಿಕ್ಕ.

“ಅಣ್ಣಾ, ಚೀಟಿ ಫೋಟೋ ನಿನ್ನ ಹತ್ರ ಐತಂತಲ್ಲ. ಕೊಡು. ನಾಳೆಗೆ ಹನ್ನೊಂದು ದಿನ ಆಗ್ತೈತಿ. ಮಸ್ಕಿಗೆ ಹೋಗಿ ಆ ಹುಡುಗಿ ಮನಿ ಮುಂದ ಲೈವ್ ಮಾಡ್ತೀನಿ. ‘ಹನ್ನೊಂದು ದಿನ ಆತು, ಗುಟ್ಟು ಹಂಗ ಐತಿ’ ಅಂತ. ಹೆಂಗ?”

“ಬ್ಯಾಡಲೇ. ಆ ಹುಡುಗಿ ಜೀವ ಇಟಗೊಂಡಿರೋದ ಹೆಚ್ಚು. ಏನರ ಮಾಡಿಕೊಂಡ್ರ ಯಾರು ಜಿಮ್ಮಾ?”

ಹುಲಿಗೇಶ ನಕ್ಕ. ಕೆಟ್ಟ ಹುಡುಗನೇನಲ್ಲ, ತಂಗಿಯ ಮದುವೆಯನ್ನು ತಾನೇ ಮುಂದೆ ನಿಂತು ಮಾಡಿದವನು. ಆದರೆ ಕೈಯಲ್ಲಿ ಮೈಕು ಬಂದರೆ ಕಣ್ಣಿಗೆ ಮನುಷ್ಯರು ಕಾಣುವುದಿಲ್ಲ.

“ಅಣ್ಣಾ, ಬೆಂಕಿ ಹಚ್ಚಿದಾವ ನೀನು, ಚಳಿ ಕಾಸ್ಕೊಂಡಾವ ನಾನು. ನನಗ ಬುದ್ಧಿ ಹೇಳ್ತಿ? ಕಾಪಿ ಯಾರದು?”

ಅಂಗಡಿಯವನು ತಿರುಗಿ ನೋಡಿದ. ಯಂಕೋಬ ಕುಡಿಯದ ಚಹಾ ಇಟ್ಟು ಹೊರಗೆ ಬಂದ. ಬಂದವನೇ ಕರೆಮ್ಮನಿಗೆ ಫೋನು ಮಾಡಿ, ಸುರೇಖಾಳನ್ನು ಇವತ್ತೇ ಬೇರೆ ಎಲ್ಲಾದರೂ ಕಳಿಸು, ನಾಳೆ ಮನೆ ಮುಂದೆ ಕ್ಯಾಮೆರಾ ಬರುತ್ತದೆ ಎಂದು ಹೇಳಿದ. ಲಿಂಗಸುಗೂರಿನಲ್ಲಿ ಕರೆಮ್ಮನ ಅಕ್ಕ ಹೊನ್ನೂರಮ್ಮ ಇದ್ದಳು. ತಾಯಿ ಮಗಳು ಮಧ್ಯಾಹ್ನದ ಬಸ್ಸಿಗೆ ಅಲ್ಲಿಗೆ ಹೋದರು. ಮತ್ತೆ ಅವನಿಗೇ ಹಾರೈಕೆ, ಮತ್ತೆ ದೇವರಂಥವರು ಎಂಬ ಮಾತು.

ಅದಾದ ಮೇಲೆ ತಹಶೀಲ್ ಕಚೇರಿಯ ಬೇವಿನ ಗಿಡದ ಕೆಳಗೆ ಕುಳಿತು ಯಂಕೋಬ ಪತ್ರಕರ್ತರ ಬಳಗಕ್ಕೆ ಟೈಪ್ ಮಾಡಿದ: ‘ಗೆಳೆಯರೇ, ಗಂಗಾದೇವಿ ಪ್ರಕರಣದ ಕಾಪಿ ನನ್ನದು. ಮೂರನೇ ಸಾಲು ಸುಳ್ಳು. ಚೀಟಿಯಲ್ಲಿ ಹಾಗಿಲ್ಲ. ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ. ದಯವಿಟ್ಟು ಎಲ್ಲರೂ ತಿದ್ದುಪಡಿ ಹಾಕಿ, ವಿಡಿಯೋ ತೆಗೆಯಿರಿ.’ ಇಪ್ಪತ್ತೆರಡು ವರ್ಷದಲ್ಲಿ ಅವನು ಬರೆದ ಸುದ್ದಿಗಳಲ್ಲಿ ‘ಎನ್ನಲಾಗಿದೆ’ ಇಲ್ಲದ್ದು ಇದೊಂದೇ ಇರಬೇಕು.

ಹದಿನೆಂಟೂ ಮಂದಿ ಓದಿದ್ದಕ್ಕೆ ನೀಲಿ ಗುರುತು ಬಿತ್ತು. ಒಬ್ಬ ಹೆಬ್ಬೆರಳು ಎತ್ತಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಶಾಸಕರ ಹುಟ್ಟುಹಬ್ಬದ ಬ್ಯಾನರ್ ಹಾಕಿದ, ಅದರ ಕೆಳಗೆ ಹನ್ನೆರಡು ಮಂದಿ ಕೈಮುಗಿದರು. ಸಂಘದ ಅಧ್ಯಕ್ಷ ಬಸವಂತರಾಯ ಫೋನು ಮಾಡಿ, “ಹುಚ್ಚು ಹಿಡದೈತೇನ್ ನಿನಗ? ತಿದ್ದುಪಡಿ ಹಾಕಿದ್ರ ಆರೂ ಪೇಪರ್ ಮರ್ಯಾದಿ ಏನಾಗಬೇಕು? ಎರಡು ದಿನದಾಗ ಮಂದಿ ಮರೀತಾರ, ಆ ಮೆಸೇಜ್ ಅಳಿಸು ಮೊದ್ಲ” ಎಂದು ಗದರಿದರು. ಯಂಕೋಬ ಅಳಿಸಲಿಲ್ಲ. ಅಷ್ಟಾದರೂ ಮಾಡಿದ.

ಆಮೇಲೆ ತನ್ನ ಹೆಸರು ಹಾಕಿ ಒಂದು ತಪ್ಪೊಪ್ಪಿಗೆ ಬರೆದು ಪದ್ಮಾವತಿಗೆ ಕಳಿಸಿದ. ಐದು ನಿಮಿಷಕ್ಕೆ ಅವಳ ಫೋನು.

“ಅಂದ್ರ ಆ ಆರು ಪೇಪರಿಗೆ ಹೋದ ಸಾಲು ನಿಮ್ಮದ?” ದನಿ ತಣ್ಣಗಿತ್ತು.

“ಹೌದ್ರಿ ಮೇಡಂ.”

“ನಾನು ತೆಗದೀನಿ ಅಂತ ಅವತ್ತು ರಾತ್ರಿ ಸಮಾಧಾನದಿಂದ ಮಲಗಿದ್ದೆ ಯಂಕೋಬಣ್ಣ. ನನ್ನ ಪುಟ ಚೊಕ್ಕ ಇತ್ತು. ಏನ್ ಉಪಯೋಗ ಆತು? ಇದನ್ನ ನಾ ಹಾಕಂಗಿಲ್ಲ.”

“ಮೇಡಂ, ಹಾಕ್ರಿ. ನನ್ನ ಕೆಲಸ ಹೋದ್ರೂ ಅಡ್ಡಿಯಿಲ್ಲ.”

“ನಿಮ್ಮ ಕೆಲಸದ್ದಲ್ರಿ ಪ್ರಶ್ನೆ. ಇದನ್ನ ಹಾಕಿದ್ರ ಮತ್ತ ಅದ ಹುಡುಗಿ, ಅದ ಚೀಟಿ, ಅದ ಸಾವು ಎಲ್ಲಾರ ಬಾಯಾಗ ಬರ್ತೈತಿ. ಹೆಸರು ಹಾಕಲಿಲ್ಲ ಅಂದ್ರೂ ಮಂದಿಗೆ ಗೊತ್ತು. ನೀವು ದೊಡ್ಡವ್ರಾಗ್ತೀರಿ, ಆಕಿ ಇನ್ನೊಮ್ಮಿ ಸಾಯ್ತಾಳ. ನಿಮ್ಮ ಪಾಪ ತೊಳಿಯಾಕ ಪೇಪರ್ ಇಲ್ರಿ. ಯಾರಿಗೆ ಹೇಳಬೇಕೋ ಅವ್ರ ಮುಂದ ಹೋಗಿ ಹೇಳ್ರಿ. ನಿಮ್ಮ ವಿಷಯ ಸಂಪಾದಕರಿಗೆ ಹೇಳೋದು ನನಗ ಬಿಡ್ರಿ, ಅದನ್ನ ನಾ ಹೇಳೇ ಹೇಳ್ತೀನಿ.”

ಗುರುವಾರ ಮಸ್ಕಿಗೆ ಹೋದ ಹುಲಿಗೇಶ ಬೀಗ ಹಾಕಿದ ಬಾಗಿಲನ್ನೇ ಲೈವ್ ಮಾಡಿ, ‘ಓಡಿಹೋದಳೇ ಸುರೇಖಾ?’ ಎಂದು ಹಾಕಿದ. ಅದನ್ನು ನೋಡಿದ ಮೇಲೆ ಯಂಕೋಬನಿಗೆ ಕೂರಲಾಗಲಿಲ್ಲ. ಶುಕ್ರವಾರ ಬೆಳಗ್ಗೆ ಲಿಂಗಸುಗೂರಿನ ಬಸ್ಸು ಹತ್ತಿದ. ಗಂಗಾದೇವಿ ಸತ್ತು ಅವತ್ತಿಗೆ ಹನ್ನೆರಡನೇ ದಿನ.

ಹೊನ್ನೂರಮ್ಮನದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಮುಂದೆ ಹೊಲಿಗೆ ಮಷಿನ್ನು. ದಪ್ಪ ಹೆಂಗಸು, ದಪ್ಪ ದನಿ. ಬಾಗಿಲಲ್ಲಿ ಅವನನ್ನು ನೋಡಿದ ಕರೆಮ್ಮ, “ಅಕ್ಕ, ನಾ ಹೇಳಿದ್ನಲ್ಲ, ಇವ್ರ ಆ ಅಣ್ಣ” ಎಂದಳು. ಒಳಗೆ ನೆಲದ ಮೇಲೆ ಕುಳಿತಿದ್ದ ಸುರೇಖಾ ಎದ್ದು ನಿಂತಳು. ಅವನ ಹಿಂದೆ ಬಾಗಿಲ ಕಡೆಗೆ ನೋಡಿದಳು, ಇನ್ನೂ ಯಾರಾದರೂ ಬಂದಿದ್ದಾರೆಯೇ ಎಂದು.

“ಸಿಕ್ಕನೇನ್ರಿ ಸರ್? ಎಲ್ಲದಾನ?”

ಯಂಕೋಬ ಕೂರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲ ಒಳಗೆ ನಿಂತ.

“ನಾನ ಅವ.”

ಕರೆಮ್ಮನಿಗೆ ತಿಳಿಯಲಿಲ್ಲ. “ಏನಂದ್ರಿ ಅಣ್ಣ?”

“ಆ ಸಾಲು ಬರದಾವ ನಾನವ್ವ. ನನ್ನ ಪೇಪರ್ನಾಗ ಅಷ್ಟ ಅದನ್ನ ತೆಗದ್ರು, ತೆಗದಾಕಿ ಬ್ಯಾರೆ ಒಬ್ಬಾಕಿ. ನಾ ಬರದದ್ದ ಉಳದವ್ರೆಲ್ಲ ಹಾಕಿದ್ರು. ಮಸ್ಕಿಗೆ ಬಂದಾಗ ಹೇಳಬೇಕಿತ್ತು. ಹೆದರಿದೆ.”

ಕರೆಮ್ಮ ಗೋಡೆ ಹಿಡಿದು ಕುಳಿತಳು. ಹೊನ್ನೂರಮ್ಮ ಹೊಲಿಗೆಯ ಕತ್ತರಿಯನ್ನು ಮಷಿನ್ನಿನ ಮೇಲೆ ಟಪ್ಪನೆ ಇಟ್ಟಳು. ಸುರೇಖಾ ಮಾತ್ರ ಅಲುಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು, ಗಣಿತದ ಒಂದು ಲೆಕ್ಕ ಎಲ್ಲಿ ತಪ್ಪಿತು ಎಂದು ನೋಡುವ ಹಾಗೆ.

“ಒಂದ ಮಾತು ಕೇಳೋದೈತಿ ಅಂದಿದ್ದೆನಲ್ರಿ,” ಎಂದಳು ಕೊನೆಗೆ.

“ಕೇಳವ್ವ.”

“ಬರಿಯೋ ಮುಂದ ನನಗ ಒಂದು ಫೋನ್ ಯಾಕ ಮಾಡಲಿಲ್ರಿ?”

ಹತ್ತು ನಿಮಿಷದಲ್ಲಿ ಕಾಪಿ ಹೋಗಬೇಕಿತ್ತು ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

“ಅವತ್ತು ನಾನು ಕಾಲೇಜಿಗೆ ಹೋಗಿರಲಿಲ್ಲ, ಜ್ವರ ಬಂದಿತ್ತು. ಸಂಜಿ ಮುಂದ ಫೋನ್ ತೆಗದ್ರ ಕ್ಲಾಸ್ ಗ್ರೂಪಿನ್ಯಾಗ ನೀವು ಬರದದ್ದು ಬಂದಿತ್ತು. ಗಂಗಾ ಸತ್ತಾಳ ಅನ್ನೋದು ನನಗ ಗೊತ್ತಾಗಿದ್ದ ಅದರಿಂದ ಸರ್. ಮೊದ್ಲನೇ ಸಾಲಿನ್ಯಾಗ ಆಕಿ ಸತ್ತಿದ್ಲು. ಮೂರನೇ ಸಾಲಿನ್ಯಾಗ ನಾನಿದ್ದೆ. ಅಯ್ಯ ಗಂಗಾ ಅಂತ ಬಾಯಿ ತಗಿಯೋದ್ರಾಗ ಮಂದಿ ಫೋನ್ ಹಚ್ಚಿದ್ರು. ಏನ್ ಹೇಳಿದ್ಲು, ಏನ್ ಹೇಳಿದ್ಲು ಅಂತ. ನನಗೇನೂ ಹೇಳಿಲ್ಲ ಅಂದ್ರ ಸುಳ್ಳಿ ಅಂದ್ರು. ಆಮ್ಯಾಲೆ ನನಗೂ ಅನ್ಸಾಕತ್ತು, ಹೇಳಿರಬೇಕು, ನಾನ ಕೇಳಿಸ್ಕೊಂಡಿಲ್ಲ ಅಂತ. ಹನ್ನೆರಡು ದಿನದಿಂದ ಅದನ್ನ ಹುಡುಕಾಕತ್ತೀನಿ. ಊರಿಗೆ ಹೋಗೋ ಬಸ್ಸಿನ್ಯಾಗ ಏನ್ ಅಂದಿದ್ಲು, ಕ್ಯಾಂಟೀನ್ಯಾಗ ಏನ್ ಅಂದಿದ್ಲು...”

ಅವಳ ಕಣ್ಣು ಆಗಲೂ ಒಣಗಿಯೇ ಇದ್ದವು.

ಯಂಕೋಬ ಕಿಸೆಯಿಂದ ಫೋನು ತೆಗೆದು, ಚೀಟಿಯ ಫೋಟೋ ಬಿಡಿಸಿ, ಎರಡೂ ಕೈಯಿಂದ ಅವಳ ಮುಂದೆ ಹಿಡಿದ. ಅವಳು ಫೋನನ್ನು ತಾನೇ ಇಸಿದುಕೊಂಡಳು. ನಿಧಾನಕ್ಕೆ ಓದಿದಳು. ಬೆರಳಿನಿಂದ ದೊಡ್ಡದು ಮಾಡಿ ಇನ್ನೊಮ್ಮೆ ಓದಿದಳು.

“ಅವ್ವ,” ಎಂದಳು, ತಲೆ ಎತ್ತದೆ. “ಗಂಗಾನ ಅಕ್ಷರ. ‘ಅವಳಿಗೂ ಹೇಳಲು ಆಗಲಿಲ್ಲ, ಅವಳದೇನೂ ತಪ್ಪಿಲ್ಲ’ ಅಂತ ಬರದಾಳವ್ವ. ನನ್ನ ಯಾರೂ ಏನೂ ಕೇಳಬ್ಯಾಡ್ರಿ ಅಂತ ಬರದಾಳ.”

ಆಮೇಲೆ ಅವನ ಕಡೆಗೆ ನೋಡಿದಳು.

“ಇದು ಅವತ್ತ ನಿಮ್ಮ ಹತ್ರ ಇತ್ತೇನ್ರಿ?”

“ಇತ್ತವ್ವ.”

“ಮಸ್ಕಿಗೆ ಬಂದಾಗೂ?”

“ಇತ್ತು.”

“ಮಾಫ್ ಮಾಡು ಅಂತ ಕೇಳಾಕ ಬಾಯಿಲ್ಲ ನನಗ,” ಎಂದು ಅವನು ಇನ್ನೂ ಏನೋ ಹೇಳಹೋದ. ಹುಡುಗಿ ಕೇಳಿಸಿಕೊಳ್ಳಲಿಲ್ಲ. ಫೋಟೋವನ್ನು ತನ್ನ ನಂಬರಿಗೆ ಕಳಿಸಿಕೊಂಡಳು. ಬಂದಿತೇ ಎಂದು ತನ್ನ ಫೋನಿನಲ್ಲಿ ನೋಡಿದಳು. ಮತ್ತೆ ಅವನ ಫೋನಿನಿಂದ ಅದನ್ನು ತಾನೇ ಅಳಿಸಿ, ಅವನ ಕೈಗೆ ಕೊಟ್ಟಳು.

“ಇದು ನಮ್ಮದ್ರಿ,” ಎಂದಳು.

ಕರೆಮ್ಮ ಎದ್ದಳು. ಬೈಯುತ್ತಾಳೆ ಎಂದುಕೊಂಡ ಯಂಕೋಬ. ಬೈದಿದ್ದರೆ ಒಳ್ಳೆಯದಿತ್ತು. “ನಿಮಗ ಅಣ್ಣಾ ಅಂದಿದ್ದೆ,” ಎಂದಳು ಅಷ್ಟೆ. “ದೇವ್ರ ಜಗಲಿ ಮ್ಯಾಲ ಇಟ್ಟಿದ್ದೆ ನಿಮ್ಮನ್ನ. ಹೋಗ್ರಿ ಇನ್ನ. ಈ ಕಡಿ ಬರಬ್ಯಾಡ್ರಿ.”

ಅವನು ಹೊಸ್ತಿಲು ದಾಟಿ ಚಪ್ಪಲಿಗೆ ಕಾಲು ತೂರಿಸುತ್ತಿರುವಾಗ ಒಳಗಿನಿಂದ ಆ ಸದ್ದು ಬಂತು. ಮೊದಲು ಕೆಮ್ಮಿದಂತೆ, ಆಮೇಲೆ ಉಸಿರು ಸಿಕ್ಕಿಕೊಂಡಂತೆ, ಆಮೇಲೆ ತಡೆ ಒಡೆದು ಜೋರಾಗಿ. “ಗಂಗಾ, ಏ ಗಂಗಾ, ಯಾಕ ಹೇಳಲಿಲ್ಲಬೇ ನನಗ” ಎಂದು ಹುಡುಗಿ ಹಾಡಿಕೊಂಡು ಅಳುತ್ತಿದ್ದಳು, ನಮ್ಮ ಕಡೆಯ ಹೆಂಗಸರು ಹೆಣದ ಮುಂದೆ ಕುಳಿತು ಅಳುವ ಹಾಗೆ. ಕರೆಮ್ಮ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ತಾನೂ ಅತ್ತಳು. ಓಣಿಯ ಬಾಗಿಲುಗಳು ತೆರೆದವು. ಎದುರು ಮನೆಯ ಆದಮ್ಮ ಮೊರ ಹಿಡಿದುಕೊಂಡೇ ಹೊರಗೆ ಬಂದಳು, ಇನ್ನಿಬ್ಬರು ಬಂದರು, ಒಬ್ಬಳ ಕೈಯಲ್ಲಿ ಫೋನು ಇತ್ತು.

“ಏನಾತಬೇ ಹೊನ್ನೂರಮ್ಮ? ಯಾಕ ಅಳಾಕತ್ತಾಳ ಹುಡುಗಿ?”

ಹೊನ್ನೂರಮ್ಮ ಬಾಗಿಲು ತುಂಬ ಅಡ್ಡ ನಿಂತಳು.

“ಗೆಳತಿ ಸತ್ತಾಳವ್ವ,” ಎಂದಳು. “ಅದಕ್ಕ ಅಳಾಕತ್ತಾಳ. ಅಳ್ಲಿ ಬಿಡ್ರಿ.”